ಒಂದು ಕಲೆ ತೆಂಕಕ್ಕೆ

ಅಪ್ಪ ಬಿಟ್ಟುಹೋದ ಪುಸ್ತಕಗಳು ಹನ್ನೊಂದು.
ಎಣ್ಣೆಬಟ್ಟೆಯ ರಟ್ಟು, ಒಳಗೆ ಟ್ಯೂನಾ ಮೀನಿನ ವಾಸನೆ,
ಭಾನುವಾರಕ್ಕೊಂದು ಸಾಲು:
ತಾರೀಕು, ಗಾಳಿ, ನಡುಹಗಲ ಸೂರ್ಯನ ಎತ್ತರ,
ಕೊನೆಗೆ ಅಕ್ಷಾಂಶ.

ಲಾಜೆಸ್ ಬಂದರಿನ ಕಟ್ಟೆಗೆ ದೋಣಿ ಬಿಗಿದು
ಎಲ್ಲಿಗೂ ಹೋಗದ ದಿನ ಅದು.
ಬಲಿಪೂಜೆ ಮುಗಿಸಿ ಊರೆಲ್ಲ ಇಗರ್ಜಿಯ ಮೆಟ್ಟಿಲಿಳಿಯುವಾಗ
ಇವನು ಮೇಲಟ್ಟದಲ್ಲಿ ಕಾಲಗಲಿಸಿ ನಿಂತು
ಸೂರ್ಯನನ್ನು ಸೆಕ್ಸ್ಟಂಟಿನ ಕನ್ನಡಿಯಲ್ಲಿ ಹಿಡಿದು
ಮೆಲ್ಲಗೆ, ಮೆಲ್ಲಗೆ ಕೆಳಗಿಳಿಸಿ
ಕಡಲಂಚಿಗೆ ತಾಗಿಸುತ್ತಿದ್ದ,
ಬಿಸಿ ಹಾಲಿಗೆ ತುಟಿ ತಾಗಿಸಿ ನೋಡುವವರ ಹಾಗೆ.

‘ಬೆಲ್ಮೀರು, ನಮ್ಮೂರು ಎಲ್ಲಿದೆಯೆಂದು ಇನ್ನೂ ಗೊತ್ತಾಗಲಿಲ್ಲವೇ?’
ಕಟ್ಟೆಯ ಮೇಲೆ ಬಲೆ ಹೊಲಿಯುವವರ ಕುಚೋದ್ಯ.
‘ಹೋದ ವಾರ ಇಲ್ಲೇ ಇತ್ತು’ ಎನ್ನುವನು,
‘ಈ ವಾರದ್ದು ನೋಡಬೇಕು.’

ನಾನು ಶಾಲೆಯಲ್ಲಿ ಲೆಕ್ಕ ಕಲಿಸುವವಳು.
ಅವನು ತೀರಿದ ಚಳಿಗಾಲ, ಯಾರ ಮಾತೂ ಬೇಡವಾಗಿ,
ಅಷ್ಟೂ ಸಾಲುಗಳನ್ನು ಗ್ರಾಫ್ ಹಾಳೆಗೆ ಇಳಿಸಿದೆ.
ಕಟ್ಟೆ ಕದಲುವುದಿಲ್ಲ, ಅದರ ಅಕ್ಷಾಂಶ ನಕ್ಷೆಯಲ್ಲಿದೆ.
ಬರೆದದ್ದರಲ್ಲಿ ಇದ್ದದ್ದನ್ನು ಕಳೆದರೆ
ಉಳಿಯುವುದು ಅಪ್ಪನ ತಪ್ಪು.
ಸಾವಿರದ ನಾನೂರ ಆರು ತಪ್ಪುಗಳು,
ಒಂದೊಂದಕ್ಕೂ ಒಂದು ಚುಕ್ಕೆ.

ಅಲೆಯೆದ್ದ ದಿನ ಚುಕ್ಕೆ ದೂರ,
ಮಂಜು ಕವಿದ ದಿನ ಇನ್ನೂ ದೂರ;
ದಿಗಂತವೇ ಸುಳ್ಳಾಡಿದರೆ ಕನ್ನಡಿಯೇನು ಮಾಡೀತು?
ನಾನು ಹುಟ್ಟಿದ ವಾರದ್ದು
ಹಾಳೆಯ ಆಚೆಗೇ ಬಿದ್ದಿತ್ತು:
ಆ ದಿನ ಇಡೀ ಒಂದು ಡಿಗ್ರಿ ತಪ್ಪು ಓದಿದ್ದಾನೆ.
ಇಂಥದ್ದನ್ನು ತೆಗೆದುಹಾಕು ಎನ್ನುತ್ತದೆ ನಿಯಮ.
ತೆಗೆದೆ.
ಮತ್ತೆ ಇಟ್ಟೆ.

ಕೊನೆಯೆರಡು ಪುಸ್ತಕಗಳಲ್ಲಿ ಚುಕ್ಕೆಗಳು
ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತವೆ,
ಪ್ರಮಾಣ ವಿಚಲನೆ ಒಂದೂವರೆಯಿಂದ ನಾಲ್ಕಕ್ಕೆ.
ಕಣ್ಣಲ್ಲಿ ಪೊರೆಯಿದೆಯೆಂದು ಡಾಕ್ಟರು ಹೇಳಿದ್ದು
ಇದಾಗಿ ಮೂರು ವರ್ಷಕ್ಕೆ.
ಆ ಮೂರು ವರ್ಷ ಊಟದ ಮೇಜಿನಲ್ಲಿ ಅವನೆದುರೇ ಕೂತಿದ್ದೆ.
ಮೀನಿನ ಮುಳ್ಳು ಬಿಡಿಸುವುದು ನಿಧಾನವಾಯಿತಲ್ಲ
ಎಂದುಕೊಂಡಿದ್ದೆ, ಅಷ್ಟೆ.

ಇರಲಿ, ಚದುರಿದ್ದು ಕೂಡಿಸಿದರೆ ಕರಗುತ್ತದೆ.
ಹೆಚ್ಚು ಕಡಿಮೆಯನ್ನು ನುಂಗಿ, ಕಡಿಮೆ ಹೆಚ್ಚನ್ನು,
ನಾಲ್ಕು ಪಟ್ಟು ಸಲ ನೋಡಿದವನಿಗೆ ಅರ್ಧದಷ್ಟೇ ತಪ್ಪು.
ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿಲ್ಲ ನಾನು.
ನಲವತ್ತು ವರ್ಷದ ಭಾನುವಾರಗಳನ್ನು ಕೂಡಿಸಿ ಭಾಗಿಸಿದೆ.
ಸೊನ್ನೆ ಬರಲಿಲ್ಲ.
ಒಂದು ಕಲೆ ಬಂತು.
ಡಿಗ್ರಿಯ ಅರವತ್ತರಲ್ಲೊಂದು ಪಾಲು, ತೆಂಕಕ್ಕೆ.
ಎಷ್ಟು ಉಜ್ಜಿದರೂ ಹೋಗದ ಕಲೆ.

ಪೆಟ್ಟಿಗೆಯಿಂದ ಸೆಕ್ಸ್ಟಂಟ್ ತೆಗೆದೆ.
ಕನ್ನಡಿಗಳು ನೆಟ್ಟಗಿದ್ದವು, ತಿರುಪು ಬಿಗಿಯಾಗಿತ್ತು,
ಕಡಲಂಚಿಗೆ ಹಿಡಿದರೆ ಗೆರೆ ಎಲ್ಲೂ ಮುರಿಯಲಿಲ್ಲ.
ತಪ್ಪು ಹಿತ್ತಾಳೆಯದಲ್ಲ.
ಕೈಯದೂ ಅಲ್ಲ, ಕಣ್ಣಿನದೂ ಅಲ್ಲ.

ಹನ್ನೊಂದೂ ಪುಸ್ತಕದ ಮೊದಲ ಪುಟದಲ್ಲಿ ಒಂದೇ ಬರಹ:
ಕಣ್ಣಿನ ಎತ್ತರ ನೀರಿಂದ ಎರಡು ಮೀಟರು,
ಕಳೆಯತಕ್ಕದ್ದು ಎರಡೂವರೆ ಕಲೆ.
ಅದು ಗರಾಜಾವುವಿನ ಲೆಕ್ಕ,
ನಾನು ಕಂಡೇ ಇರದ ಹಳೆಯ ದೋಣಿಯದು.
ಹೊಸದರ ಮೇಲಟ್ಟದಲ್ಲಿ ಅವನ ಕಣ್ಣು ನಾಲ್ಕು ಮೀಟರಿಗಿತ್ತು.
ಮೇಲೇರಿದವನಿಗೆ ದಿಗಂತ ಇನ್ನಷ್ಟು ತಗ್ಗುತ್ತದೆ;
ಮೂರೂವರೆ ಕಳೆಯಬೇಕಿತ್ತು.
ರೇಡಿಯೋದ ಬ್ಯಾಟರಿಯನ್ನೂ
ತಾರೀಕು ಬರೆದಿಟ್ಟು ಬದಲಿಸುತ್ತಿದ್ದ ಮನುಷ್ಯ.

ಅಮ್ಮ ಅವರೆ ಸುಲಿಯುತ್ತಿದ್ದಳು.
‘ಮರೆತಿದ್ದಾನು’ ಎಂದಳು.
ಬೋಗುಣಿ ಅರ್ಧ ತುಂಬಿದ ಮೇಲೆ,
‘ಅದರೊಳಗೆ ಯಾವಾಗಲೂ ಪಾದ ಮುಳುಗುವಷ್ಟು ನೀರು.
ಮದುವೆಗೆ ಮುಂಚೆ ಒಂದು ಸಲ ಕೂರಿಸಿಕೊಂಡು ಹೋಗಿದ್ದ.
ಚಪ್ಪಲಿ ಕೈಯಲ್ಲಿ ಹಿಡಿದುಕೊಂಡಿದ್ದೆ.’

ಅವನ ಲೆಕ್ಕದ ಪ್ರಕಾರ
ಈ ಕಟ್ಟೆ, ಇಗರ್ಜಿ, ನಮ್ಮ ಕೋಳಿಗೂಡು,
ಕರಿಗಲ್ಲಿನ ಗೋಡೆಯ ಕೆಂಪು ಕಿಟಕಿ,
ಅಮ್ಮ, ಅವರೆ, ಬೋಗುಣಿ,
ಎಲ್ಲವೂ ಕಡಲೊಳಗೆ ಒಂದು ಮೈಲಿ.

ತಿದ್ದುವುದು ಸುಲಭ.
ಪ್ರತಿ ಸಾಲಿಗೂ ಒಂದು ಕೂಡಿಸಿದರಾಯಿತು.
ಪೆನ್ಸಿಲು ಚೂಪು ಮಾಡಿಟ್ಟು ವಾರವಾಯಿತು.
ಇವತ್ತು ಭಾನುವಾರ, ಗಾಳಿ ಪಡುವಣದ್ದು,
ದಿಗಂತ ನಿಚ್ಚಳ.